ಕ್ಷೇಮಾನಂದನ ಪ್ರಾಕ್ಟಿಕಲ್

ಬೊಂಬೆಯ ಹಣೆಗೆ ಮೂರನೆಯ ಸಲ ನೀರು ತಾಕಿಸಿದ್ದೇ ತಡ, ಅದು ಟಪ್ಪೆಂದು ಕಣ್ಣು ಬಿಟ್ಟಿತು.

ಕ್ಷೇಮಾನಂದನಿಗೆ ನಗು ಬಂತು. ಬರಬಾರದಿತ್ತು. 'ತಂದೆಯ, ಮಗನ' ಎನ್ನುವವರೆಗೆ ನೆಟ್ಟಗೆ ಸಾಗಿದ್ದ ದೀಕ್ಷಾಸ್ನಾನ 'ಪವಿತ್ರಾತ್ಮನ' ಎನ್ನುವಲ್ಲಿ ಬಂದು ಮುಗ್ಗರಿಸಿತು. ತುಟಿ ಕಚ್ಚಿ ಹಿಡಿದ. ತುಟಿಯಲ್ಲಿ ತಡೆದದ್ದು ಮೂಗಿನಿಂದ ಕುದುರೆಯ ಸದ್ದಾಗಿ ಹೊರಟಿತು. ಮುಂದಿನ ಬೆಂಚಿನವರು ತಲೆ ತಗ್ಗಿಸಿದರು. ಹಿಂದಿನ ಬೆಂಚಿನವರ ಭುಜಗಳು ಕುಣಿಯತೊಡಗಿದವು.

"ನಗಬ್ಯಾಡೋ ತಮ್ಮಾ," ಎಂದರು ರೆವರೆಂಡ್ ಗೂಳಪ್ಪ. ಗದಗಿನ ಕಡೆಯವರು, ಬೆಂಗಳೂರಿಗೆ ಬಂದು ಕೂದಲು ಬೆಳ್ಳಗಾದರೂ ನಾಲಗೆಯನ್ನು ಊರಲ್ಲೇ ಬಿಟ್ಟು ಬಂದವರು. "ನಾಳೆ ಖರೇ ಕೂಸು ನಿನ್ನ ಬಿಳಿ ನಿಲುವಂಗಿ ಮ್ಯಾಲೆ ಉಚ್ಚಿ ಹೊಯ್ತದ. ಆಗೂ ಹಿಂಗ ನಗ್ತೀಯೇನು?"

"ಇಲ್ಲ ಸಾರ್."

"ಕೂಸಿನ ಹೆಸರೇನಿಟ್ಟಿ?"

ಹೆಸರು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. "ಕ್ಷೇಮಾನಂದ."

ಈ ಸಲ ಯಾರೂ ತಡೆದುಕೊಳ್ಳಲಿಲ್ಲ. ಗೂಳಪ್ಪನವರೂ ಕನ್ನಡಕ ತೆಗೆದು ಒರೆಸಿಕೊಂಡರು.

ಕೆಂಗೇರಿ ಉಪನಗರದ ಆ ದೇವಶಾಸ್ತ್ರ ಕಾಲೇಜಿನಲ್ಲಿ ಕೊನೆಯ ವರ್ಷದವರಿಗೆ ಗುರುವಾರ ಪ್ರಾಕ್ಟಿಕಲ್. ಮುಂದೆ ಸಭಾಪಾಲಕರಾಗಿ ಊರೂರಿಗೆ ಹೋಗುವವರು ಅಲ್ಲಿ ಕೈ ನಡುಗದಂತೆ ಇಲ್ಲೇ ಪಳಗಬೇಕು. ಬೆಳಗಿನ ಉಪ್ಪಿಟ್ಟಿಗೂ ಸಂಜೆಯ ಕಾಫಿಗೂ ನಡುವೆ ಒಂದು ಮಗುವಿಗೆ ದೀಕ್ಷಾಸ್ನಾನ, ಒಂದು ಮದುವೆ, ಒಂದು ಹೆಣ. ಮನುಷ್ಯನ ಇಡೀ ಬಾಳು ಚಾಪೆಲ್ಲಿನ ಆರು ಬೆಂಚುಗಳ ನಡುವೆ ಮುಗಿದುಹೋಗುತ್ತಿತ್ತು. ಉಳಿದ ಹೊತ್ತು ವಾಲಿಬಾಲ್.

ಆವತ್ತು ಎದ್ದಾಗಿನಿಂದಲೂ ಕ್ಷೇಮಾನಂದನ ಮೈ ಹಗುರ. ಜ್ವರವಲ್ಲ, ಹಸಿವಲ್ಲ. ಎದೆಯೊಳಗೆ ವರ್ಷಗಟ್ಟಲೆ ಕೂತಿದ್ದ ಬಾಡಿಗೆಯವನೊಬ್ಬ ಹೇಳದೆ ಕೇಳದೆ ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದ ಹಾಗೆ. ಖಾಲಿ ಮನೆಯಲ್ಲಿ ಚಮಚ ಬಿದ್ದರೂ ಮಾರ್ದನಿ. ಹಾಗೆ ಇವನಿಗೆ ಏನು ಕಂಡರೂ ನಗು.

ಬೆಳಗಿನ ಪ್ರಾರ್ಥನೆ ನಡೆಸುವ ಸರದಿ ಅವನದೇ ಆಗಿತ್ತು. ಕಣ್ಣು ಮುಚ್ಚಿ ಶುರುಮಾಡಿದ. ರೋಗಿಗಳಿಗಾಗಿ, ಅಧಿಕಾರಿಗಳಿಗಾಗಿ, ವಿಧವೆಯರಿಗಾಗಿ ಬೇಡಿಕೊಳ್ಳುತ್ತ ಹೋದ. ನಡುವೆ ಎಲ್ಲೋ, ಇವತ್ತಿನ ಉಪ್ಪಿಟ್ಟಿಗೆ ಗೋಡಂಬಿ ಹಾಕಿರಬಹುದೇ ಎಂದು ಯೋಚಿಸುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ಪ್ರಾರ್ಥನೆ ನಿಂತಿರಲಿಲ್ಲ. ಅವನಿಲ್ಲದೆಯೇ ಅದು ಚೆನ್ನಾಗಿ ನಡೆದಿತ್ತು. ಸ್ವರ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದಿತ್ತು. ಆಮೆನ್ ಎಂದಾಗ ಎಲ್ಲರೂ ದಿನಕ್ಕಿಂತ ಜೋರಾಗಿ ಆಮೆನ್ ಎಂದರು. ಹಿರಿಯ ಉಪನ್ಯಾಸಕರೊಬ್ಬರು ಹೊರಗೆ ಸಿಕ್ಕಿ ಅವನ ಭುಜ ಅದುಮಿದರು. ಗೋಡಂಬಿ ಇರಲಿಲ್ಲ.

ಮಧ್ಯಾಹ್ನ ಸಮಿತಿಯವರು ಬರುವವರಿದ್ದರು. ಯಾರನ್ನು ಸಭಾಸೇವೆಗೆ ತೆಗೆದುಕೊಳ್ಳಬೇಕು ಎಂದು ನಿರ್ಧರಿಸುವ ಮೂವರು. ಒಪ್ಪಿದರೆ ಜೂನ್‌ನಿಂದ ಒಂದು ಚರ್ಚು, ಒಂದು ಮನೆ, ಸಾಯುವವರೆಗೆ ಒಂದು ಬಿಳಿ ಕೊರಳಪಟ್ಟಿ. ಒಪ್ಪದಿದ್ದರೆ? ಆ ಯೋಚನೆ ಬಂದಾಗಲೆಲ್ಲ ಹೊಟ್ಟೆಯಲ್ಲಿ ಸಣ್ಣದೊಂದು ಪಟಾಕಿ ಸಿಡಿದಂತಾಗುತ್ತಿತ್ತು. ಅವನು ಕೂಡಲೇ ಬೇರೇನನ್ನೋ ಯೋಚಿಸುತ್ತಿದ್ದ.

ಎಲ್ಲ ಶುರುವಾದದ್ದು ಅಮ್ಮನಿಂದ. ಏಳು ತಿಂಗಳಿಗೇ ಹುಟ್ಟಿದ ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಗ ಅಂಬುಜಾ ಆಸ್ಪತ್ರೆಯ ಕಾರಿಡಾರಿನಲ್ಲಿ ಮೊಳಕಾಲೂರಿ, ಇವನನ್ನು ಉಳಿಸಿಕೊಡು, ನಿನ್ನ ಸೇವೆಗೇ ಒಪ್ಪಿಸುತ್ತೇನೆ ಎಂದು ಬೇಡಿಕೊಂಡಿದ್ದಳು. ದೇವರು ಮಾತು ಉಳಿಸಿಕೊಂಡ. ಅಂಬುಜಾಳೂ ಉಳಿಸಿಕೊಂಡಳು. ಮೂರನೆಯವನನ್ನು ಯಾರೂ ಕೇಳಿರಲಿಲ್ಲ. ಅವನು ಆಗ ಗಾಜಿನೊಳಗೆ ನಿದ್ದೆ ಮಾಡುತ್ತಿದ್ದ. ಇಂಗ್ಲಿಷ್ ಎಂ.ಎ. ಮುಗಿಸಿ ರಾಜಾಜಿನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಸುಖವಾಗಿದ್ದವನಿಗೆ ಒಂದು ದಿನ ಊಟ ಬಡಿಸುತ್ತ ಅವಳು, "ಇನ್ನೆಷ್ಟು ದಿನ ಕಾಯ್ಸ್ತೀಯಪ್ಪಾ ಆತನ್ನ?" ಎಂದಳು. ಸೌಟು ಅವನ ತಟ್ಟೆಯ ಮೇಲೆ ನಿಂತೇ ಇತ್ತು. ಹೂಂ ಎಂದ. ಸಾರು ಬಿತ್ತು.

*

"ಮದುವಿ," ಎಂದರು ಗೂಳಪ್ಪನವರು. "ಮದುಮಗ ಯಾರು?"

ಯಾರೂ ಏಳಲಿಲ್ಲ.

"ಕ್ಷೇಮಾ, ನೀನ ನಿಲ್ಲು. ಇವತ್ತು ನಿನಗ ನಗು ಹೆಚ್ಚಾಗ್ಯದ. ಮದುವಿ ಮಾಡಿದ್ರ ತಾನ ಅಡಗ್ತದ."

ಮದುಮಗಳಾಗಿ ಶುಭಾ ಎದ್ದಳು. ಅವಳ ದುಪಟ್ಟಾ ಬಿಳಿಯದಿತ್ತು, ಅಷ್ಟೇ ಕಾರಣ. ಬಸವೇಶ್ವರನಗರದ ಹುಡುಗಿ, ತರಗತಿಯಲ್ಲಿ ಗ್ರೀಕ್ ಭಾಷೆ ನಿಜವಾಗಿ ಬರುತ್ತಿದ್ದುದು ಅವಳೊಬ್ಬಳಿಗೇ. ಲೈಬ್ರರಿಯಲ್ಲಿ ಒಂದೇ ಮೇಜಿನ ಎದುರುಬದುರು ಕೂತು ಕ್ಷೇಮಾನಂದ ಅವಳಿಂದ ಗ್ರೀಕ್ ಕ್ರಿಯಾಪದಗಳನ್ನು ಕಲಿತಿದ್ದ. ಇಷ್ಟು ಕಾಲದಲ್ಲಿ ಅವರಿಬ್ಬರೂ ಕ್ರಿಯಾಪದ ಬಿಟ್ಟು ಬೇರೇನನ್ನೂ ಮಾತಾಡಿರಲಿಲ್ಲ. ಅದೂ ಭೂತಕಾಲದ್ದೇ ಹೆಚ್ಚು.

ಸಭಾಪಾಲಕನ ಪಾತ್ರ ಅಭಿನವನದು. ಹಾಸ್ಟೆಲ್ಲಿನಲ್ಲಿ ಕ್ಷೇಮಾನಂದನ ಕೋಣೆಯವನು. ನಿಲುವಂಗಿ ಅವನಿಗೆ ಮೊಳಕಾಲಿಗೇ ಮುಗಿದುಹೋಗಿತ್ತು, ಕೆಳಗೆ ಜೀನ್ಸು. ಉಂಗುರ ಬೇಕಾಯಿತು. ಯಾರೋ ಮೂಲೆಯ ನೀರಿನ ಕ್ಯಾನಿನ ಮುಚ್ಚಳ ಕಿತ್ತು, ಅದರ ಸೀಲಿನ ನೀಲಿ ಪ್ಲಾಸ್ಟಿಕ್ ಎಳೆಯನ್ನು ಸುತ್ತಿ ಗಂಟು ಹಾಕಿ ಉಂಗುರ ಮಾಡಿಕೊಟ್ಟರು.

"ಈ ವಿವಾಹಕ್ಕೆ ಯಾರದಾದರೂ ಆಕ್ಷೇಪಣೆ ಇದ್ದಲ್ಲಿ," ಅಭಿನವ ಗಂಟಲನ್ನು ದಪ್ಪ ಮಾಡಿಕೊಂಡು ಓದಿದ, "ಈಗಲೇ ಹೇಳಲಿ. ಇಲ್ಲವಾದಲ್ಲಿ ಎಂದೆಂದಿಗೂ ಮೌನವಾಗಿರಲಿ."

ಕಿಟಕಿಯಾಚೆ ರಸ್ತೆಯಿಂದ ಕೂಗು ಬಂತು: "ಹಳೇ ಕಬ್ಣಾ... ಹಳೇ ಪೇಪರ್... ಖಾಲಿ ಬಾಟ್ಲೀ..."

"ಆಕ್ಷೇಪಣೆಯನ್ನು ಗಮನಿಸಲಾಗಿದೆ," ಎಂದ ಅಭಿನವ.

ತರಗತಿಗೆ ತರಗತಿಯೇ ನಕ್ಕುಬಿಟ್ಟಿತು. ಯಾರೋ ಬೆಂಚು ಗುದ್ದಿದರು. ಶುಭಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಬಗ್ಗಿಬಿಟ್ಟಳು. ಕ್ಷೇಮಾನಂದನ ಕಣ್ಣಲ್ಲಿ ನೀರು, ಪಕ್ಕೆಯಲ್ಲಿ ನೋವು, ಕಾಲ ಕೆಳಗೆ ನೆಲವೇ ಇಲ್ಲ. ನಗುವಿನ ಅಲೆ ಇಳಿದು ಇನ್ನೇನು ಸರಿಹೋಯಿತು ಎನ್ನುವಾಗ ಅವರಿಬ್ಬರ ಕಣ್ಣು ಕೂಡಿತು. ಮತ್ತೆ ಶುರು.

"ಸಾಕ್ರಿ, ಸಾಕು," ಗೂಳಪ್ಪನವರು ಕೈತಟ್ಟಿದರು. "ಮುಂದ ಹೋಗ್ರಿ."

"ಕ್ಷೇಮಾನಂದನೇ," ಅಭಿನವ ಓದಿದ. "ಸುಖದಲ್ಲಿಯೂ ದುಃಖದಲ್ಲಿಯೂ, ಆರೋಗ್ಯದಲ್ಲಿಯೂ ರೋಗದಲ್ಲಿಯೂ ಈಕೆಯನ್ನು ಪ್ರೀತಿಸಿ, ನೀವಿಬ್ಬರೂ ಬದುಕಿರುವ ತನಕ ಈಕೆಯೊಬ್ಬಳಿಗೇ ನಂಬಿಗಸ್ತನಾಗಿರುವೆಯಾ?"

"ಇರುವೆನು."

ತನ್ನ ದನಿ ಕೇಳಿ ಅವನೇ ಬೆಚ್ಚಿದ. ಅದು ಪ್ರಾರ್ಥನೆಯ ದನಿಯಾಗಿರಲಿಲ್ಲ, ಉಪದೇಶದ ದನಿಯೂ ಅಲ್ಲ. ಅಂಗಡಿಯಲ್ಲಿ ಉಪ್ಪು ಕೇಳುವ ದನಿ. ಈ ಕಟ್ಟಡದೊಳಗೆ ಕಾಲಿಟ್ಟ ಮೇಲೆ ಪೂರ್ತಿ ಮನಸ್ಸಿನಿಂದ ಆಡಿದ ಮೊದಲ ಮಾತು ಇದು ಎಂದು ಅವನಿಗೆ ಹೊಳೆಯಿತು. ಅದೂ ನಾಟಕದಲ್ಲಿ. ತಲೆ ಗಿರ್ರೆಂದಿತು, ಜಾತ್ರೆಯ ತೊಟ್ಟಿಲು ಮೇಲಕ್ಕೆ ಹೋಗಿ ಕ್ಷಣ ನಿಂತಾಗ ಆಗುವ ಹಾಗೆ.

"ಇರುವೆನು," ಎಂದಳು ಶುಭಾ. ಕನ್ನಡಕ ಸರಿಪಡಿಸಿಕೊಂಡಳು. ಅವಳ ಕೈಗೆ ಉಂಗುರ ತೊಡಿಸುವಾಗ ಬೊಂಬೆಯ ನೀರಿನಿಂದ ಅವನ ಬೆರಳು ಇನ್ನೂ ಒದ್ದೆಯಾಗಿತ್ತು.

"ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸದಿರಲಿ," ಎಂದ ಅಭಿನವ. ಚಪ್ಪಾಳೆ ಬಿತ್ತು. ಗೂಳಪ್ಪನವರು ಮದುಮಗ ಬೆನ್ನು ಬಾಗಿಸಿದ್ದಕ್ಕೆ ಅಂಕ ಕಳೆದರು.

*

ಊಟದ ಹಾಲ್‌ನಲ್ಲಿ ಶುಭಾಳ ಎದುರಿನ ಜಾಗ ಖಾಲಿ ಇತ್ತು. ಕ್ಷೇಮಾನಂದ ತಟ್ಟೆ ಹಿಡಿದು ಹೋಗಿ ಕೂತ. ಅನ್ನ, ಹುರುಳಿಕಾಯಿ ಪಲ್ಯ, ತಿಳಿಸಾರು. ನೀಲಿ ಪ್ಲಾಸ್ಟಿಕ್ ಅವಳ ಬೆರಳಲ್ಲಿ ಹಾಗೇ ಇತ್ತು.

"ಉಂಗುರ," ಎಂದ.

"ಬರ್ತಾ ಇಲ್ಲ. ಗಂಟು ಬಿಗಿಯಾಗಿದೆ."

"ಇರ್ಲಿ ಬಿಡು."

"ಸೋಪ್ ಹಾಕಿದ್ರೆ ಬರತ್ತೆ."

ಅವನು ಅನ್ನ ಕಲಸಿದ. ಕಲಸುತ್ತಲೇ ಇದ್ದ. ಹೊಟ್ಟೆಯೊಳಗೆ ನಗು ಹಾಲಿನಂತೆ ಉಕ್ಕುತ್ತಿತ್ತು, ಯಾವಾಗ ಪಾತ್ರೆ ಮೀರುತ್ತದೋ ಗೊತ್ತಿಲ್ಲ.

"ಹೋದ ವಾರ ಕ್ಲಾಸಲ್ಲಿ ಹೇಳಿದ್ರಲ್ಲ," ಎಂದ. "ಸಂಸ್ಕಾರ ಸಿಂಧು ಆಗಬೇಕು ಅಂದ್ರೆ ಏನೇನು ಬೇಕು ಅಂತ."

"ಮಾತು ಸರಿಯಿರ್ಬೇಕು. ವಸ್ತು ಇರ್ಬೇಕು. ಉದ್ದೇಶ ಇರ್ಬೇಕು." ಪರೀಕ್ಷೆಗೆ ಒಪ್ಪಿಸುವ ಹಾಗೆ ಹೇಳಿದಳು.

"ಮಾತು ಸರಿಯಿತ್ತು. ವಸ್ತು ನಿನ್ನ ಕೈಯಲ್ಲೇ ಇದೆ. ಸಾಕ್ಷಿಗಳು ಇಪ್ಪತ್ತು ಜನ."

"ಉದ್ದೇಶ?"

"ನಂದು ಇತ್ತು."

ಶುಭಾ ಮೇಲೆ ನೋಡಲಿಲ್ಲ. ಪಲ್ಯದಿಂದ ಒಣಮೆಣಸಿನಕಾಯಿಯೊಂದನ್ನು ಆರಿಸಿ ತಟ್ಟೆಯ ಅಂಚಿಗಿಟ್ಟಳು. ಪಕ್ಕದ ಮೇಜಿನಲ್ಲಿ ಯಾರೋ ನೀರು ಕೇಳಿದರು.

"ಅನ್ನ ಆರ್ತಾ ಇದೆ," ಎಂದಳು.

"ಶುಭಾ, ತಮಾಷೆ ಮಾಡ್ತಿಲ್ಲ ನಾನು."

"ಬೆಳಿಗ್ಗೆಯಿಂದ ನಗ್ತಾನೇ ಇದೀಯಲ್ಲೋ. ಈಗ ನಂಬೋದು ಹೇಗೆ?" ಹಾಗೆಂದು ಅವಳೂ ನಕ್ಕಳು. ಅವಳು ನಕ್ಕದ್ದೇ ಅವನ ಪಾತ್ರೆ ಉಕ್ಕಿತು. ಇಬ್ಬರೂ ತಟ್ಟೆಯ ಮೇಲೆ ಬಾಗಿ ಮಕ್ಕಳಂತೆ ಕಿಸಿಕಿಸಿ ನಕ್ಕರು. ಅಭಿನವ ದೂರದಿಂದಲೇ, "ಗುರೂ, ಹೊಸ ಜೋಡಿ, ಸ್ವಲ್ಪ ಮರ್ಯಾದೆ," ಎಂದು ಕೂಗಿದ. ಕ್ಷೇಮಾನಂದನಿಗೆ ಇಷ್ಟು ಖುಷಿ ಯಾವಾಗ ಆಗಿತ್ತೋ ನೆನಪಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿಲ್ಲ ಎಂಬುದು ಅವಳು ಎದ್ದು ಹೋದ ಮೇಲೆ ಗೊತ್ತಾಯಿತು.

ಕೈ ತೊಳೆಯುವಲ್ಲಿ ಅವಳು ಬೆರಳಿಗೆ ಸೋಪು ಹಚ್ಚಿ ತಿರುವುತ್ತ ಇದ್ದುದು ಕಂಡಿತು. ಹಲ್ಲಿನಿಂದ ಎಳೆದಳು. ಬಂತು. ಅದನ್ನು ಎಲ್ಲಿ ಹಾಕಿದಳೋ ಅವನಿಗೆ ಕಾಣಲಿಲ್ಲ.

*

ಪ್ರಾಂಶುಪಾಲರ ಕೋಣೆಯಲ್ಲಿ ಸಮಿತಿಯವರು ಬಾಳೆಹಣ್ಣು ತಿಂದು ಮುಗಿಸಿದ್ದರು. ನಡುವೆ ಅಧ್ಯಕ್ಷರು, ವಯಸ್ಸಾದ ಸಭಾಪಾಲಕರು. ಎಡಕ್ಕೆ ಪಾಲ್ ನಂಜುಂಡಪ್ಪ, ನಿವೃತ್ತ ಬ್ಯಾಂಕ್ ಮ್ಯಾನೇಜರು. ಬಲಕ್ಕೆ ಶಶಿಕಲಾ ಮೇಡಂ, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ.

"ಕೂತ್ಕೋಪ್ಪ. ಕ್ಷೇಮಾನಂದ. ಕ್ಷೇಮಾನಾ?" ಎಂದು ನಂಜುಂಡಪ್ಪನವರು ತಮ್ಮ ಜೋಕಿಗೆ ತಾವೇ ನಕ್ಕರು. ಹುಟ್ಟಿದಾಗಿನಿಂದ ಈ ಜೋಕು ಕೇಳಿದ್ದ ಕ್ಷೇಮಾನಂದ ಇವತ್ತು ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ಮೂವರಿಗೂ ಅವನು ಇಷ್ಟವಾಗಿಬಿಟ್ಟ.

"ನಿಮಗೆ ದೇವರ ಕರೆ ಬಂದದ್ದು ಹೇಗೆ, ಹೇಳಿ," ಎಂದರು ಶಶಿಕಲಾ ಮೇಡಂ.

ಈ ಪ್ರಶ್ನೆಗೆ ಅವನ ಹತ್ತಿರ ಒಂದು ಕತೆಯಿತ್ತು. ಹದಿನೇಳರ ವಯಸ್ಸಿನಲ್ಲಿ ಟೈಫಾಯಿಡ್, ಸುಡುವ ಜ್ವರ, ಯಾರೋ ಹೆಸರು ಹಿಡಿದು ಕರೆದದ್ದು. ಮೊದಲ ವರ್ಷ ಹೇಳಿದಾಗ ಅದು ಸಾಧಾರಣ ಜ್ವರ. ಪ್ರತಿ ಸಲ ಹೇಳಿದಾಗಲೂ ಒಂದೊಂದು ಡಿಗ್ರಿ ಏರುತ್ತ ಬಂದಿತ್ತು. ಇನ್ನೊಂದು ವರ್ಷ ಹೇಳಿದರೆ ಕತೆಯೊಳಗಿನ ಹುಡುಗ ಬದುಕುಳಿಯುವುದೇ ಕಷ್ಟವಿತ್ತು. ಹೆಸರು ಹಿಡಿದು ಕರೆದದ್ದಂತೂ ನಿಜ; ಮಾತ್ರೆ ತಗೋ ಎಂದು ಅಮ್ಮ ಕರೆದಿದ್ದಳು.

ಬಾಯಿ ತೆರೆದ. ಕತೆ ಬರಲಿಲ್ಲ. ಬದಲಿಗೆ ಆ ಉಪ್ಪು ಕೇಳುವ ದನಿ ಬಂತು.

"ನನಗೆ ಕರೆ ಬಂದಿಲ್ಲ ಮೇಡಂ."

ಫ್ಯಾನು ತಿರುಗುತ್ತಿತ್ತು. ಆಗಿಹೋಯಿತು! ಹೇಳಿಬಿಟ್ಟೆ! ಇನ್ನೇನು, ಬ್ಯಾಗು ಕಟ್ಟುವುದು, ಮೆಟ್ರೋ ಹತ್ತುವುದು, ಎಲ್ಲಾದರೂ ಇಳಿಯುವುದು. ಅಮ್ಮ ಅಳುತ್ತಾಳೆ. ಅಳಲಿ. ಕೋಣೆ ತಿರುಗುವಷ್ಟು ಸಂತೋಷವಾಯಿತು.

"ಬಂದಿಲ್ಲ ಅಂದ್ರೆ?" ಅಧ್ಯಕ್ಷರು ಮುಂದಕ್ಕೆ ಬಾಗಿದರು.

"ಬಂದಿಲ್ಲ. ಯಾರೂ ಕರೀಲಿಲ್ಲ. ಪ್ರಾರ್ಥನೆ ಮಾಡುವಾಗ ಆ ಕಡೆ ಯಾರೂ ಇದ್ದಂಗೆ ಅನ್ಸಲ್ಲ. ನಾನು ಇದಕ್ಕೆ ಯೋಗ್ಯ ಅಲ್ಲ ಸಾರ್."

ಶಶಿಕಲಾ ಮೇಡಂ ಕರ್ಚೀಫು ತೆಗೆದರು. "ಎಷ್ಟು ಜನ ಹುಡುಗ್ರು ಬಂದು ದರ್ಶನ ಆಯ್ತು, ಬೆಳಕು ಕಾಣ್ತು ಅಂತಾರೆ," ಎಂದರು ಅಧ್ಯಕ್ಷರ ಕಡೆ ತಿರುಗಿ. "ಹೀಗೆ ಹೇಳೋ ಧೈರ್ಯ ಯಾರಿಗಿದೆ?"

"ದೇವರು ಕರೆದಾಗ ಮೋಶೆನೂ ಇದನ್ನೇ ಅಂದಿದ್ದ," ಎಂದರು ನಂಜುಂಡಪ್ಪ. "ನಾನು ಎಷ್ಟರವನು ಅಂತ."

"ಪ್ರವಾದಿ ಯೆರೆಮೀಯನೂ," ಎಂದರು ಅಧ್ಯಕ್ಷರು.

"ಅಲ್ಲ ಸಾರ್, ನಾನು ಹೇಳಿದ್ದು ಹಾಗಲ್ಲ. ನಿಜವಾಗ್ಲೂ ಬಂದಿಲ್ಲ. ದೀನತೆಯಿಂದ ಹೇಳ್ತಾ ಇಲ್ಲ."

"ನೋಡಿ," ಎಂದರು ನಂಜುಂಡಪ್ಪ ಮೆಲ್ಲಗೆ. "ದೀನತೇನೂ ಒಪ್ಪಿಕೊಳ್ಳಲ್ಲ."

ಆಗ ಅವನಿಗೆ ನಗು ಬಂತು. ತಡೆಯಲು ಮುಖ ಮುಚ್ಚಿಕೊಂಡ. ಅಂಗೈಗಳ ಹಿಂದೆ ಮೈಯೆಲ್ಲ ಅಲುಗಿತು, ಬೆರಳ ಸಂದಿಯಿಂದ ನೀರಿಳಿಯಿತು. ಅಧ್ಯಕ್ಷರು ಎದ್ದು ಬಂದು ಅವನ ನೆತ್ತಿಯ ಮೇಲೆ ಕೈಯಿಟ್ಟರು. "ಅಳು ಮಗನೇ, ಅತ್ತುಬಿಡು," ಎಂದರು. ಮೂವರೂ ಅವನಿಗಾಗಿ ಪ್ರಾರ್ಥಿಸಿದರು. ಆ ಕೈ ಭಾರವಾಗಿತ್ತು, ಬಾಳೆಹಣ್ಣಿನ ವಾಸನೆಯಿತ್ತು.

ಹೊರಡುವಾಗ ಶುಭಸುದ್ದಿಯನ್ನೂ ಹೇಳಿದರು. ಗೋವಿಂದರಾಜನಗರದ ಸಭೆಯಲ್ಲಿ ಸಹಾಯಕ ಸಭಾಪಾಲಕ. ಅವನದೇ ಚರ್ಚು. ಅವನ ಅಮ್ಮ ಪ್ರತಿ ಭಾನುವಾರ ಎಡಗಡೆಯ ಮೊದಲ ಬೆಂಚಿನಲ್ಲಿ ಕೂರುವ ಚರ್ಚು.

ವರಾಂಡದಲ್ಲಿ ನಿಂತು ಅಮ್ಮನಿಗೆ ಫೋನು ಮಾಡಿದ.

"ಏನಂದ್ರೋ?"

"ತಗೊಂಡ್ರಮ್ಮಾ."

ಆ ಕಡೆ ಉಸಿರೆಳೆದುಕೊಂಡ ಸದ್ದು. ಆಮೇಲೆ ಅಳು. "ಸ್ತೋತ್ರ ಸ್ವಾಮೀ, ಸ್ತೋತ್ರ... ಯಾವ ಊರಿಗಪ್ಪಾ?"

"ನಮ್ಮ ಚರ್ಚಿಗೇ."

"ನೀನು ನಗ್ತಾ ಇದೀಯಾ?"

"ಹೂಂ ಅಮ್ಮಾ."

"ನಗು ಕಂದಾ, ನಗು," ಎಂದಳು ಅಂಬುಜಾ. "ಇದಕ್ಕೇ ಅಲ್ವಾ ಕಾದಿದ್ದು."

*

"ಇವತ್ತಿನ ಹೆಣ ಯಾರು?" ಎಂದು ಗೂಳಪ್ಪನವರು ಕೇಳಿದಾಗ ಪೈಪೋಟಿ ಇರುವುದು ವಾಡಿಕೆ. ಊಟದ ಮೇಲಿನ ಆ ಹೊತ್ತಿನಲ್ಲಿ ಹೆಣವಾದವನಿಗೆ ಮುಕ್ಕಾಲು ಗಂಟೆ ನಿದ್ದೆ ಖಚಿತ. ಎಂಟು ಕೈಗಳು ಎದ್ದವು. ಕ್ಷೇಮಾನಂದ ಎರಡೂ ಕೈ ಎತ್ತಿದ್ದ.

"ಬೆಳಿಗ್ಗೆ ಕೂಸು, ಆಮ್ಯಾಲೆ ಮದುವಿ, ಈಗ ಇದೂ ನಿನಗ ಬೇಕಾ?"

"ಕೊಡಿ ಸಾರ್ ಅವನಿಗೆ," ಎಂದ ಅಭಿನವ. "ಪಾಸಾಗಿದಾನೆ. ಪಾರ್ಟಿ ಇದೇ."

ಊಟದ ಹಾಲ್‌ನ ಉದ್ದನೆಯ ಬೆಂಚನ್ನು ತಂದು ಚಾಪೆಲ್ಲಿನ ನಡುವೆ ಇಟ್ಟರು. ಮಲಗಿದ. ತಲೆಯಿಂದ ಕಾಲಿನವರೆಗೆ ಹಾಸ್ಟೆಲ್ಲಿನ ಬಿಳಿ ಬೆಡ್‌ಶೀಟು ಹೊದಿಸಿದರು. ಒಗೆಯುವ ಪುಡಿಯ ವಾಸನೆ, ಬಟ್ಟೆಯ ಮೂಲಕ ಬರುವ ಹಾಲಿನಂಥ ಬೆಳಕು. ಹೊಟ್ಟೆ ತಾನಾಗಿ ಕುಣಿಯುತ್ತಿತ್ತು.

"ಹೆಣ ನಗಾಕತ್ತೈತಿ," ಎಂದರು ಗೂಳಪ್ಪನವರು. "ಶುಭಾ, ಶುರು ಮಾಡವಾ. ಲಕ್ಷ್ಯ ಕೊಡಬ್ಯಾಡ."

ಆ ದಿನದ ಶವಸಂಸ್ಕಾರ ನಡೆಸುವ ಸರದಿ ಶುಭಾಳದಾಗಿತ್ತು. ಅವಳು ಓದತೊಡಗಿದಳು. ಅವಳ ದನಿಗೆ ಅಲಂಕಾರವಿರಲಿಲ್ಲ. ಗ್ರೀಕ್ ಕ್ರಿಯಾಪದಗಳನ್ನು ಬಿಡಿಸಿ ಹೇಳುವಾಗಿನ ಹಾಗೆ ಒಂದೊಂದನ್ನೂ ಅದರದರ ಜಾಗದಲ್ಲಿಟ್ಟು ಮುಂದೆ ಹೋಗುತ್ತಿದ್ದಳು. ಅವನು ಕೇಳುತ್ತ ತೇಲಿದ. ಕಷ್ಟವೇ ಇಲ್ಲದ ಪಾತ್ರ. ಮಾತಾಡಬೇಕಾದ್ದಿಲ್ಲ, ನಂಬಬೇಕಾದ್ದಿಲ್ಲ. ಹೆಣಕ್ಕೆ ಯಾರೂ ಕರೆ ಬಂದದ್ದು ಹೇಗೆ ಎಂದು ಕೇಳುವುದಿಲ್ಲ.

"ಈಗ ಸತ್ತವನ ಬಗ್ಗೆ ನಾಕು ಮಾತು," ಗೂಳಪ್ಪನವರು ನೆನಪಿಸಿದರು. "ಪುಸ್ತಕ ನೋಡಬಾರದು."

ಶುಭಾ ಪುಸ್ತಕ ಮುಚ್ಚಿದ ಸದ್ದಾಯಿತು.

"ನಮ್ಮ ಸಹೋದರ ಕ್ಷೇಮಾನಂದ ತುಂಬಾ ನಗ್ತಾ ಇದ್ದರು," ಎಂದಳು. "ಯಾಕೆ ಅಂತ ನಾವು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ರೆ ಹೇಳಿಬಿಡ್ತಾರೇನೋ ಅಂತ ಭಯ ಆಯ್ತು."

ಅಷ್ಟೇ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಬೆಡ್‌ಶೀಟಿನ ಕೆಳಗೆ ನಗು ಒಮ್ಮೆಗೇ ಕರೆಂಟು ಹೋದಂತೆ ನಿಂತಿತು. ಅವನು ಏಳಬೇಕೆಂದುಕೊಂಡ. ಎದ್ದು, ಈಗ ಕೇಳು, ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಆರು ಜನ ಬೆಂಚನ್ನು ಭುಜಕ್ಕೇರಿಸಿದರು.

ಎತ್ತಿದ ಕೂಡಲೇ ತಲೆ ತಿರುಗಿತು. ಕೆಳಗೆ ಆರು ಜೊತೆ ಕಾಲುಗಳು ಲಯ ತಪ್ಪಿ ನಡೆಯುತ್ತಿದ್ದವು, ಬೆಂಚು ದೋಣಿಯಂತೆ ತೂಗುತ್ತಿತ್ತು. ಮತ್ತೆ ಆ ಪಟಾಕಿ, ಆ ತೊಟ್ಟಿಲು, ಆ ಹಗುರ. ಕಾಲೇಜಿನ ಆಟದ ಮೈದಾನ ರಸ್ತೆಯಾಚೆ ಇತ್ತು. ಅಲ್ಲಿನ ಲಾಂಗ್‌ಜಂಪ್ ಗುಂಡಿಯೇ ಅಭ್ಯಾಸದ ಸಮಾಧಿ. ಎಂದಿನಂತೆ ಆ ಹೊತ್ತಿಗೆ ರಸ್ತೆ ಖಾಲಿ ಇರಬೇಕಿತ್ತು. ಇವತ್ತು ಪಕ್ಕದ ಮುಖ್ಯರಸ್ತೆ ಅಗೆದಿದ್ದರಿಂದ ಬಸ್ಸು, ಆಟೋ, ನೀರಿನ ಟ್ಯಾಂಕರು ಎಲ್ಲ ಇಲ್ಲೇ ನುಗ್ಗಿದ್ದವು.

ಹಾರನ್ನುಗಳು ಒಂದೊಂದಾಗಿ ನಿಂತವು. ಆ ನಿಶ್ಶಬ್ದದಿಂದ ಅವನಿಗೆ ತಿಳಿಯಿತು, ಜನ ನೋಡುತ್ತಿದ್ದಾರೆ.

"ಯಾರಪ್ಪಾ ಹೋದೋರು?" ಒಬ್ಬ ಗಂಡಸಿನ ದನಿ. ಆಟೋ ಆಫ್ ಮಾಡಿದ ಸದ್ದು.

ಬೆಂಚಿನ ತೂಗಾಟ ನಿಧಾನವಾಯಿತು.

"ವಯ್ಸಾದೋರಾ ತಾಯಿ?" ಈಗ ಒಬ್ಬ ಮುದುಕಿ, ಹತ್ತಿರದಲ್ಲೇ.

"ಇಲ್ಲ," ಎಂದಳು ಶುಭಾ. "ಇಪ್ಪತ್ತೇಳು."

"ಅಯ್ಯೋ ಸಿವನೇ! ಮದ್ವೆ ಆಗಿತ್ತಾ?"

ಬೆಂಚು ನಿಂತಿತ್ತು. ಟ್ಯಾಂಕರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕ್ಷೇಮಾನಂದ ಮೈಯೆಲ್ಲ ಕಿವಿಯಾಗಿ ಮಲಗಿದ.

"ಇಲ್ಲ ಅಜ್ಜಿ," ಎಂದಳು ಶುಭಾ. ಊಟದ ಹೊತ್ತಿನಲ್ಲಿ ಅವನು ಕೇಳಿದ್ದಕ್ಕೆ ಅವಳು ಕೊಟ್ಟ ಒಂದೇ ನೇರವಾದ ಉತ್ತರ ಅದು.

ಮುದುಕಿ ಗೊಳೋ ಎಂದು ಅತ್ತಳು. ಯಾರದೋ ಮಗ, ಯಾವ ತಾಯಿ ಹೆತ್ತಳೋ, ಎಂದು ಎದೆ ಬಡಿದುಕೊಂಡಳು. ತಣ್ಣಗಿನ ಏನೋ ಅವನ ಕಾಲಿನ ಮೇಲೆ ಬಿತ್ತು. ಸೇವಂತಿಗೆಯ ಕಮಟು ವಾಸನೆ ಬಂತು. ಹೂವಿನ ಬುಟ್ಟಿಯವಳಿರಬೇಕು. ಅವಳ ಅಳು ಬೇರೆಯವರಿಗೂ ಹತ್ತಿತು. ಚಪ್ಪಲಿ ಕಳಚಿಟ್ಟ ಸದ್ದುಗಳು.

ಗೂಳಪ್ಪನವರು ಅವನ ಕಿವಿಯ ಹತ್ತಿರ ಬಂದರು. "ಕ್ಷೇಮಾ, ಅಳ್ಳಾಡಬ್ಯಾಡಪಾ. ಮಂದಿ ಅಳಾಕತ್ತಾರ. ಈಗ ಎದ್ರ ಏನು ತಿಳ್ಕೊಂಡಾರು? ಸಾವನ್ನ ಆಟ ಮಾಡ್ಕೊಂಡಾರ ಅಂತ ಹೊಡೀತಾರ."

"ಮಗಾ, ಪ್ಲೀಸ್ ಕಣೋ," ಬೆಂಚಿನ ಕೆಳಗಿನಿಂದ ಅಭಿನವ ಪಿಸುಗುಟ್ಟಿದ. "ಉಸಿರಾಡ್ಬೇಡ. ಶೀಟು ಎದ್ದೆದ್ದು ಬೀಳ್ತಾ ಇದೆ."

ಅವನು ಉಸಿರು ಸಣ್ಣಗೆ ಮಾಡಿಕೊಂಡ. ಮೆರವಣಿಗೆ ಮೈದಾನದೊಳಗೆ ಹೋಯಿತು. ರಸ್ತೆಯ ಜನ ನಿಲ್ಲುತ್ತಾರೆ ಎಂದುಕೊಂಡಿದ್ದ. ಹೆಜ್ಜೆಗಳ ಸದ್ದು ಹಿಂದೆಯೇ ಬಂತು, ಹೆಚ್ಚುತ್ತಲೇ ಬಂತು. ಬೆಂಚಿನಿಂದ ಅವನನ್ನು ಬಟ್ಟೆ ಸಮೇತ ಎತ್ತಿ ಗುಂಡಿಯಲ್ಲಿ ಇಳಿಸಿದರು. ಮರಳು ಬಿಸಿಲಿಗೆ ಬೆಚ್ಚಗಿತ್ತು. ಬೆನ್ನಿಗೆ ಹಿತವಾಯಿತು. ಅಷ್ಟು ಹಿತವಾದ ಹಾಸಿಗೆಯಲ್ಲಿ ಅವನು ಎಂದೂ ಮಲಗಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ವಾಡಿಕೆಯಂತೆ ಗೂಳಪ್ಪನವರು, "ಏಳಪಾ, ಚಾ ಕುಡಿಯೋಣು," ಎನ್ನಬೇಕು. ಅವರು ಏನೂ ಅನ್ನಲಿಲ್ಲ. ಎಲ್ಲರೂ ಕಾಯುತ್ತಿರುವುದು ಬಟ್ಟೆಯ ಮೂಲಕವೇ ತಿಳಿಯುತ್ತಿತ್ತು. ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಶುಭಾ ಮುಂದಿನ ಸಾಲನ್ನು ಓದಿದಳು.

"ಮಣ್ಣಿಗೆ ಮಣ್ಣು. ಬೂದಿಗೆ ಬೂದಿ."

ಒಂದು ಹಿಡಿ ಮರಳು ಎದೆಯ ಮೇಲೆ ಬಿತ್ತು. ಮುದುಕಿಯದೋ, ಆಟೋದವನದೋ. ಅವನ ಹೊಟ್ಟೆಯ ಆಳದಿಂದ ನಗು ಮತ್ತೆ ಏಳತೊಡಗಿತು. ಗಂಟಲವರೆಗೆ ಬಂತು, ಹಲ್ಲಿಗೆ ತಾಗಿತು. ಹಲ್ಲು ಕಚ್ಚಿ ಹಿಡಿದ. ಇನ್ನೊಂದು ಹಿಡಿ. ಮತ್ತೊಂದು. ಮುಗಿಸಿದವರು ಕೈ ಝಾಡಿಸಿ ಪಕ್ಕಕ್ಕೆ ಸರಿಯುತ್ತಿದ್ದರು, ಹಿಂದಿನವರು ಮುಂದೆ ಬರುತ್ತಿದ್ದರು. "ತಳ್ಬೇಡ್ರೀ, ಸಾಲಾಗಿ ಬನ್ನಿ, ಎಲ್ಲರಿಗೂ ಸಿಗತ್ತೆ," ಎಂದು ಯಾರೋ ಮೆಲುದನಿಯಲ್ಲಿ ಹೇಳುತ್ತಿದ್ದರು. ಸಾಲು ಗೇಟಿನಾಚೆ ರಸ್ತೆಯವರೆಗೂ ಬೆಳೆದಿತ್ತು. ಮುಖ ನೋಡಿರದ, ಹೆಸರು ಕೇಳಿರದ ಆ ಜನ ಒಬ್ಬೊಬ್ಬರಾಗಿ ಬಗ್ಗಿ, ನೋವಾಗಬಾರದೆಂಬಂತೆ ಮೆತ್ತಗೆ, ಬಹಳ ಮರ್ಯಾದೆಯಿಂದ ಅವನ ಮೇಲೆ ಮರಳು ಸುರಿಯುತ್ತಲೇ ಇದ್ದರು.